ಮೋಟಾರಿನ ಹೀಟರು: ಸೋರಿಕೆಯನ್ನು ಮನೆಯಲ್ಲಿಯೇ ಅರಿಯುವ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬಿಸಿಲನ್ನು ಬಲ್ಲವರಿಗೆ, ಮೋಟಾರು ಕಾರಿನೊಳಗೆ ಬಿಸಿಗಾಳಿಯ ಏರ್ಪಾಡೇತಕ್ಕೆಂದು ತೋರುವುದು ಸಹಜವೇ. ಆದರೂ ಈಗಿನ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಡ್ಯಾಷ್‌ಬೋರ್ಡಿನ ಹಿಂದೆ ಅಡಗಿರುವ ಹೀಟರು ಕೋರೆಂಬುದು ಒಂದು ಪುಟ್ಟ ರೇಡಿಯೇಟರೇ ಸರಿ. ಎಂಜಿನ್ನಿನ ಬಿಸಿನೀರು ಎರಡು ರಬ್ಬರು ಕೊಳವೆಗಳ ಮೂಲಕ ಅದರೊಳಗೆ ಹೋಗಿಬರುತ್ತದೆ. ಅನೇಕ ಕಾರುಗಳಲ್ಲಿ ನಾವು ಹೀಟರನ್ನು ವರ್ಷಗಟ್ಟಲೆ ಮುಟ್ಟದಿದ್ದರೂ ಈ ಸಂಚಾರ ನಿಲ್ಲದು. ಆದುದರಿಂದ, ಬಳಸದ ವಸ್ತು ಕೆಡದೆಂಬ ನಂಬಿಕೆ ಇಲ್ಲಿ ಸಲ್ಲದು. ಕೂಲೆಂಟಿನ ಬದಲು ಕೊಳವೆಬಾವಿಯ ಗಡಸುನೀರನ್ನು ತುಂಬುವ ರೂಢಿಯಿದ್ದಲ್ಲಿ, ಅದರ ಲವಣಗಳಿಂದ ಅಲ್ಯೂಮಿನಿಯಂ ನಳಿಗೆಗಳು ಬೇಗನೆ ಸವೆಯುತ್ತವೆ.

ಸೋರಿಕೆಯ ಲಕ್ಷಣಗಳು ಮೂರು: ಕಾರಿನೊಳಗೆ ಸಿಹಿಯಾದ ವಾಸನೆ, ಮುಂಗಾಜಿನ ಒಳಮೈಯಲ್ಲಿ ಜಿಡ್ಡಿನ ಮಂಜು, ಮುಂದಿನ ಆಸನದ ಕೆಳಗಿನ ಹಾಸು ತೇವವಾಗುವುದು. ಆದರೆ ಹಾಸು ನೆನೆದೊಡನೆ ಹೀಟರನ್ನು ದೂರುವುದು ತರವಲ್ಲ. ಏರ್ ಕಂಡೀಷನರಿನ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೂ ಹೀಗಾಗುವುದುಂಟು. ಬಿಳಿಯ ಬಟ್ಟೆಯನ್ನು ಅಲ್ಲಿ ಒತ್ತಿ ನೋಡಿರಿ. ಬಣ್ಣವಿಲ್ಲದೆ ತಿಳಿಯಾಗಿದ್ದರೆ ಅದು ಬರಿಯ ನೀರು. ಹಸುರೋ ಕೆಂಪೋ ನೀಲಿಯೋ ಆಗಿ ಜಾರುವಂತಿದ್ದರೆ ಕೂಲೆಂಟು. ನಾಲಗೆಯಿಂದ ಮಾತ್ರ ಪರೀಕ್ಷಿಸಕೂಡದು.

ಮುಂಜಾನೆ ಎಂಜಿನ್ನು ತಣ್ಣಗಿರುವಾಗ ಕೂಲೆಂಟು ತೊಟ್ಟಿಯ ಮಟ್ಟಕ್ಕೆ ಗುರುತು ಹಾಕಿ, ವಾರದ ಮೇಲೆ ನೋಡಿರಿ. ಹೊರಗೆಲ್ಲಿಯೂ ತೊಟ್ಟಿಕ್ಕದೆ ಮಟ್ಟವು ಇಳಿದಿದ್ದರೆ ಸಂಶಯ ಬಲವಾಗುತ್ತದೆ.

ಆಗ, ಎಂಜಿನ್ನು ಪೂರ್ಣವಾಗಿ ಆರಿದ ಬಳಿಕ, ಹೀಟರಿಗೆ ಹೋಗುವ ಎರಡು ಕೊಳವೆಗಳನ್ನೂ ಎಂಜಿನ್ನಿನ ಕಡೆಯಿಂದ ಬಿಡಿಸಿ, ಚೆಲ್ಲುವ ಕೂಲೆಂಟನ್ನು ಪಾತ್ರೆಯಲ್ಲಿ ಹಿಡಿಯಬೇಕು. ಒಂದು ಕೊಳವೆಗೆ ಬಿರಡೆ ಬಿಗಿದು, ಇನ್ನೊಂದಕ್ಕೆ ಟ್ಯೂಬಿನ ವಾಲ್ವನ್ನು ಜೋಡಿಸಿ, ಒತ್ತಡದ ಮುಳ್ಳುಳ್ಳ ಸೈಕಲ್ ಪಂಪಿನಿಂದ ಗಾಳಿ ತುಂಬಿರಿ. ಸುಮಾರು ೧೦ ಪೌಂಡು ಸಾಕು. ರೇಡಿಯೇಟರಿನ ಮುಚ್ಚಳದ ಮೇಲೆ ನಮೂದಿಸಿದ ಒತ್ತಡವನ್ನು ಎಂದಿಗೂ ಮೀರಬಾರದು. ಕೂಡುಗಳಿಗೆಲ್ಲ ಸಾಬೂನಿನ ನೀರು ಸವರಿ, ಅಲ್ಲಿ ಗುಳ್ಳೆ ಏಳುತ್ತಿಲ್ಲವೆಂದು ದೃಢಮಾಡಿಕೊಂಡು ೧೫ ನಿಮಿಷ ಕಾಯಿರಿ. ಮುಳ್ಳು ಇಳಿದರೆ ಹೀಟರೇ ಸೋರುತ್ತಿದೆಯೆಂದು ತಿಳಿಯಬಹುದು. ಮೆಕಾನಿಕನು ಅದನ್ನು ಬಿಚ್ಚಿ ತೆಗೆದಿದ್ದರೆ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ಮುಳುಗಿಸುವಂತೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರೆ, ಗುಳ್ಳೆಗಳೇ ತೂತನ್ನು ತೋರುತ್ತವೆ.

ದುರಸ್ತಿಯಾಗುವ ತನಕ ಎಂಜಿನ್ನಿನ ಕಡೆಯ ಎರಡು ಬಾಯಿಗಳನ್ನು ಬಿಸಿನೀರನ್ನು ತಾಳುವ ಒಂದೇ ಕೊಳವೆಯಿಂದ ಮೆಕಾನಿಕನ ಕೈಯಲ್ಲಿ ಕೂಡಿಸಿ, ಕೂಲೆಂಟು ತುಂಬಿಸಿ, ಒಳಗಿನ ಗಾಳಿಯನ್ನು ತೆಗೆಸಿದರೆ, ನಮ್ಮ ಸೀಮೆಯಲ್ಲಿ ಬಿಸಿಗಾಳಿಯಿಲ್ಲದೆ ಸಾಗಿಸಬಹುದು. ಉಪೇಕ್ಷಿಸಿದರೆ ಅಪಾಯವುಂಟು. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ವೇಗದಲ್ಲಿ, ರಾತ್ರಿಯ ಹೊತ್ತು ಗಾಜಿಗೆ ಜಿಡ್ಡು ಕವಿದರೆ ಎದುರಿನ ದಾರಿಯೇ ಕಾಣದು. ಕೂಲೆಂಟು ಬರಿದಾದರೆ ಎಂಜಿನ್ನೇ ಸುಟ್ಟೀತು.

ಕಡೆಯದಾಗಿ ಎರಡು ಎಚ್ಚರಿಕೆಗಳು. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬೇಡಿರಿ. ಕುದಿನೀರು ಮುಖಕ್ಕೆ ಚಿಮ್ಮೀತು. ಕೂಲೆಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ಮೂತ್ರಪಿಂಡಗಳನ್ನು ಕೆಡಿಸುವ ವಿಷ. ಹಿಡಿದಿಟ್ಟ ಪಾತ್ರೆಯು ಮಕ್ಕಳಿಗೂ ದನಕರು ನಾಯಿಗಳಿಗೂ ಎಟುಕದಿರಲಿ. ಚೆಲ್ಲಿದ್ದನ್ನು ಕೂಡಲೆ ಒರಸಿ ತೊಳೆಯತಕ್ಕುದು.