ತಿಗಣೆ, ಗಿಟಾರು ಮತ್ತು ದವಾಖಾನೆ

ಕಲಬುರಗಿಯ ನಮ್ಮ ಬಾಡಿಗೆ ರೂಮಿನಲ್ಲಿ ಮೂರು ತಾಲ್ಲೂಕುಗಳಿವೆ: ಆಳಂದ, ಅಫಜಲಪುರ, ಜೇವರ್ಗಿ. ನಮಗೆಲ್ಲ ಹೆಸರುಗಳಿದ್ದರೂ ಒಬ್ಬರನ್ನೊಬ್ಬರು ಕರೆಯುವುದು ತಾಲ್ಲೂಕಿನ ಹೆಸರಿನಿಂದಲೇ. ನಾನು ಅಫಜಲಪುರ. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಆಳಂದ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ನೇಮಕಾತಿ ಅಧಿಸೂಚನೆಗಾಗಿ ಕಾಯುತ್ತಿದ್ದಾನೆ. ಜೇವರ್ಗಿ ಇನ್ನೂ ಬಿ.ಎ. ಕೊನೆಯ ವರ್ಷ, ಕಿವಿಯಲ್ಲಿ ಸದಾ ಇಯರ್‌ಫೋನ್.

ರಾತ್ರಿ ಊಟದ ಮೇಲೆ ನಮ್ಮಲ್ಲಿ ನಡೆಯುವ ಚರ್ಚೆಗೆ ವಿಷಯಗಳೂ ಮೂರೇ. ರೂಮಿನ ಹುಳಗಳು, ಆಸ್ಪತ್ರೆಗಳ ರಾಜಕೀಯ, ರಾಕ್ ಸಂಗೀತ. ಕೇಳಿದವರಿಗೆ ಒಂದಕ್ಕೊಂದು ಸಂಬಂಧವಿಲ್ಲ ಎನಿಸಬಹುದು. ಸಂಬಂಧ ಇದೆ ಎಂಬುದು ನನ್ನ ವಾದ.

ಮೊದಲು ಹುಳಗಳು. ಬ್ಯಾಚುಲರ್ ರೂಮಿನ ದೊಡ್ಡ ಶತ್ರು ಯಾರು ಎಂದರೆ ಎಲ್ಲರೂ ತಿಗಣೆ ಎನ್ನುತ್ತಾರೆ. ಹಳೇ ಮಂಚದ ಸಂದಿಯಲ್ಲಿ, ಸೆಕೆಂಡ್ ಹ್ಯಾಂಡ್ ಗೈಡುಗಳ ಬೈಂಡಿಂಗಿನಲ್ಲಿ ಕುಳಿತು ರೂಮಿನಿಂದ ರೂಮಿಗೆ ಹೋಗುವ ಅದರ ವರ್ಗಾವಣೆಗೆ ಯಾವ ಕೌನ್ಸೆಲಿಂಗೂ ಬೇಕಿಲ್ಲ. ಬೇಸಿಗೆಯಲ್ಲಿ ಹಾಸಿಗೆಯನ್ನು ಮಾಳಿಗೆ ಮೇಲೆ ಸುಡುಬಿಸಿಲಿಗೆ ಹಾಕುವುದು, ಮಂಚದ ಸಂದಿಗೆ ಕುದಿಯುವ ನೀರು ಸುರಿಯುವುದು ನಾವು ಮಾಡುವ ಮದ್ದು. ಆದರೆ ನ್ಯಾಯವಾಗಿ ನೋಡಿದರೆ ತಿಗಣೆ ನಿದ್ದೆ ಕೆಡಿಸುತ್ತದೆ, ತುರಿಕೆ ತರುತ್ತದೆ, ಅಷ್ಟೇ. ಅದು ಮನುಷ್ಯರಿಗೆ ರೋಗ ಹರಡುತ್ತದೆ ಎಂಬುದು ಸಾಬೀತಾಗಿಲ್ಲ. ಚರಂಡಿಯ ಕೊಳೆಯನ್ನು ಕಾಲಲ್ಲಿ ಹೊತ್ತು ಅನ್ನದ ಪಾತ್ರೆಯ ಮೇಲೆ ಓಡಾಡುವ ಜಿರಳೆ ಅದಕ್ಕಿಂತ ಕೆಟ್ಟದ್ದು. ಇರುವೆಗೆ ನನ್ನ ಕಡೆಯಿಂದ ಮಾಫಿ ಇದೆ.

ನಿಜವಾದ ಅಪಾಯ, ನಾವು ಅಂಗೈಯಲ್ಲಿ ಚಪ್ಪರಿಸಿ ಮರೆತುಬಿಡುವ ಸೊಳ್ಳೆ. ಅದರ ಗುಟ್ಟು ರಟ್ಟಾದದ್ದು ನಮಗೆ ದೂರದ ಊರಿನಲ್ಲೇನಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಆ ದಂಡು ಇದ್ದದ್ದು ನಿಜಾಮರ ಸೀಮೆಯಲ್ಲಿ. ನಮ್ಮ ಕಲಬುರಗಿಯೂ ಆಗ ಅದೇ ಸೀಮೆಗೆ ಸೇರಿತ್ತು.

ಡೆಂಗಿ ತರುವ ಈಡಿಸ್ ಸೊಳ್ಳೆಯ ರೀತಿ ಬೇರೆ. ಅದಕ್ಕೆ ಚರಂಡಿ ಒಗ್ಗದು, ನಿಂತ ಶುದ್ಧ ನೀರೇ ಬೇಕು. ಕಚ್ಚುವುದೂ ಹಗಲಿನಲ್ಲಿ. ಮೊಟ್ಟೆ ಒಡೆದು ರೆಕ್ಕೆ ಮೂಡಲು 8ರಿಂದ 10 ದಿನ ಸಾಕು. ಈಗ ನಮ್ಮ ಕಡೆಯ ಹಳ್ಳಿಮನೆಗಳನ್ನು ನೆನೆಸಿಕೊಳ್ಳಿ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಭೀಮಾ ನದಿಯೇ ಹರಿಯುತ್ತದೆ. ಆದರೂ ಎಷ್ಟೋ ಊರುಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಹಂಡೆ, ಕೊಡ, ನೀಲಿ ಡ್ರಮ್ಮು ಎಲ್ಲವನ್ನೂ ತುಂಬಿಡಲೇಬೇಕು. ಮುಂದಿನ ಸರದಿ ತಡವಾದಷ್ಟೂ ಆ ಡ್ರಮ್ಮಿನಲ್ಲಿ ಸೊಳ್ಳೆಗೆ ಬಾಣಂತನ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದಿತು. ಮುಚ್ಚಳ ಹಾಕುವುದು ನಮ್ಮ ಕೆಲಸವೇ, ಒಪ್ಪೋಣ. ಆದರೆ ವಾರಗಟ್ಟಲೆ ನೀರು ಬಿಡದವರಿಗೆ ದಂಡ ಎಷ್ಟು? ಇದನ್ನು ಕೇಳಿದಾಗ ಆಳಂದ ಹೇಳಿದ ಮಾತು ನನಗೆ ಹಿಡಿಸಿತು: ‘ಸೊಳ್ಳಿಗಿ ರಾಜಕೀಯ ಗೊತ್ತಿಲ್ಲಪಾ, ಆದ್ರ ಅದು ಹುಟ್ಟೋದೇ ರಾಜಕೀಯದಾಗ.’

ಹೋದ ಮಳೆಗಾಲದಲ್ಲಿ ನನ್ನ ತಂಗಿಗೆ ಡೆಂಗಿಯಾಯಿತು. ಖಾಸಗಿ ಲ್ಯಾಬುಗಳು ಡೆಂಗಿ ಎಲಿಸಾ ಪರೀಕ್ಷೆಗೆ 300 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಸರ್ಕಾರ 2024ರಲ್ಲೇ ದರ ನಿಗದಿ ಮಾಡಿತ್ತು. ಒಳ್ಳೆಯ ಆದೇಶ. ಆದರೆ ಜ್ವರದಲ್ಲಿ ಎದ್ದು ನಿಲ್ಲಲಾಗದ ಹುಡುಗಿಯನ್ನು ಆ ಪರೀಕ್ಷೆಯವರೆಗೆ ತಲುಪಿಸಲು ಅಪ್ಪ ಬಾಡಿಗೆ ಗಾಡಿಗೆ ಕೊಟ್ಟದ್ದು 1,800 ರೂಪಾಯಿ. ತಂಗಿ ಗುಣವಾಗಿ ಕಾಲೇಜಿಗೆ ಹೋಗುತ್ತಿದ್ದಾಳೆ. ಅವ್ವನ ಕಿವಿಯೋಲೆ ಮಾತ್ರ ಇನ್ನೂ ಅಡವಿನಲ್ಲಿದೆ.

ಓದುವ ಗೆಳೆಯರಿಗೆ ಇಲ್ಲೊಂದು ಉಪಯೋಗದ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇಷ್ಟು ಗೊತ್ತಿಲ್ಲದೆ ನೇರವಾಗಿ ಹೋಗಿ ಸಾಲ ಮಾಡಿಕೊಂಡವರು ನಮ್ಮೂರಲ್ಲೇ ಇದ್ದಾರೆ. ಮನೆಯಲ್ಲಿ ಓದಿದವರು ನಾವೇ ತಾನೇ? ಹೇಳಬೇಕಾದವರೂ ನಾವೇ.

ನಮ್ಮ ಭಾಗಕ್ಕೆ ಏನೂ ಬಂದಿಲ್ಲ ಎನ್ನುವುದು ಅನ್ಯಾಯದ ಮಾತು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಬಂತು. ನೌಕರಿಗೆ ಅರ್ಜಿ ಹಾಕುವ ನಮಗೆಲ್ಲ ಆ ಪ್ರಮಾಣಪತ್ರದ ಬೆಲೆ ಗೊತ್ತು. ಕಲಬುರಗಿಯಲ್ಲಿ ಜಿಮ್ಸ್ ಇದೆ, ಇಎಸ್ಐಸಿ ವೈದ್ಯಕೀಯ ಕಾಲೇಜಿದೆ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಯಾಯಿತು. ಅದರ ಹಾಸಿಗೆಗಳ ಸಂಖ್ಯೆಯೂ 371, ಆ ವಿಧಿಯ ನೆನಪಿಗೆ. ಎದೆನೋವು ಎಂದರೆ ಸೊಲ್ಲಾಪುರ, ಹೈದರಾಬಾದ್ ಎಂದು ಓಡುತ್ತಿದ್ದ ಜನರಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಕೊರತೆ ಎಲ್ಲಿ? ಇಲ್ಲಿ ಜೇವರ್ಗಿ ಇಯರ್‌ಫೋನ್ ತೆಗೆದು ಮಾತಿಗಿಳಿಯುತ್ತಾನೆ. ಅವನ ಪ್ರಕಾರ ರಾಕ್ ಸಂಗೀತವನ್ನು ಗದ್ದಲ ಎನ್ನುವವರು ಅದನ್ನು ಕೇಳಿಯೇ ಇಲ್ಲ. ಅವನ ಮೆಚ್ಚಿನ ಬೀಟಲ್ಸ್ ತಂಡದ ಹೆಸರಿನಲ್ಲೇ ಹುಳವಿದೆ. ಬೀಟಲ್ ಎಂದರೆ ದುಂಬಿ ಜಾತಿಯ ಕೀಟ, ಅದರೊಳಗೆ ತಾಳದ ‘ಬೀಟ್’ ಸೇರಿಸಿ ಕಾಗುಣಿತ ತಿರುಚಿದರು. ಈ ಸಂಗೀತ ನಮಗೆ ಪರಕೀಯ ಎಂದರೂ ಅವನು ಒಪ್ಪುವುದಿಲ್ಲ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರು, ಡ್ರಮ್ಸ್ ಜೊತೆ ಹಾಡಿ ಹೊರದೇಶದ ವೇದಿಕೆಗಳವರೆಗೆ ಒಯ್ದಿದ್ದಾರೆ. ‘ನಮ್ಮ ಕಡಕೋಳ ಮಡಿವಾಳಪ್ಪನವರ ತತ್ವಪದಾನೂ ಹಂಗ ಹಾಡಬೇಕು ನೋಡು’ ಎನ್ನುತ್ತಾನೆ. ಕಡಕೋಳ ಮೊದಲು ಅವನ ತಾಲ್ಲೂಕಿನಲ್ಲೇ ಇತ್ತು, ಈಗ ಯಡ್ರಾಮಿಗೆ ಸೇರಿದೆ. ಏಕತಾರಿ ಹಿಡಿದು ಇದ್ದದ್ದನ್ನು ಇದ್ದಂತೆ ಕೇಳಿದ ಸಾಧಕರಿಗೂ ಗಿಟಾರು ಹಿಡಿದು ಕೂಗುವ ಹುಡುಗರಿಗೂ ನಡುವೆ ದೂರ ಕಡಿಮೆ ಎಂದು ನನಗೂ ಅನ್ನಿಸುತ್ತದೆ.

ಅವನ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ. ಬೀಟಲ್ಸ್ ಜಗತ್ಪ್ರಸಿದ್ಧರಾಗುವ ಮುನ್ನ, 1960ರಿಂದ 1962ರವರೆಗೆ, ಜರ್ಮನಿಯ ಹ್ಯಾಂಬರ್ಗ್ ಪಟ್ಟಣದ ಕ್ಲಬ್ಬುಗಳಲ್ಲಿ ರಾತ್ರಿಗಟ್ಟಲೆ ನುಡಿಸಿದರು. ಜನ ನೆನಪಿಡುವುದು ದೊಡ್ಡ ಕಛೇರಿಯನ್ನು, ತಂಡವನ್ನು ಕಟ್ಟಿದ್ದು ಆ ದಿನನಿತ್ಯದ ತಾಲೀಮು.

ನಮ್ಮ ಆರೋಗ್ಯ ರಾಜಕೀಯ ಇನ್ನೂ ಕಛೇರಿಯ ಹಂತದಲ್ಲೇ ಇದೆ. ಶಿಲಾನ್ಯಾಸ, ಫ್ಲೆಕ್ಸು, ಉಚಿತ ತಪಾಸಣಾ ಶಿಬಿರ, ವೇದಿಕೆ ಮೇಲೆ ಶಾಲು, ಹಾರ. ತಾಲೀಮು ನಡೆಸುವವರು ಬೇರೆ. ಬಿಸಿಲಲ್ಲಿ ಮನೆಮನೆಗೆ ಬಂದು ನಮ್ಮ ಡ್ರಮ್ಮಿನ ಮುಚ್ಚಳ ತೆಗೆದು ಲಾರ್ವಾ ನೋಡುವ ಆಶಾ ಕಾರ್ಯಕರ್ತೆ, ರಕ್ತದ ಮಾದರಿ ಪರೀಕ್ಷಿಸುವ ಟೆಕ್ನಿಷಿಯನ್, ನಳದ ವಾಲ್ವ್ ತಿರುಗಿಸುವ ನೀರಗಂಟಿ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತಿದ್ದರು. ಇತ್ತ ಡಿಪ್ಲೊಮಾ ಹಿಡಿದ ನನ್ನ ಗೆಳೆಯ ಆಳಂದ ದಿನಾ ಬೆಳಿಗ್ಗೆ ಪೇಪರಿನಲ್ಲಿ ಅಧಿಸೂಚನೆ ಹುಡುಕುತ್ತಾನೆ. ಊರ ಹತ್ತಿರ ಅಂಥ ಒಬ್ಬನಿಗೆ ಕೆಲಸ ಕೊಟ್ಟು ಕೂರಿಸಿದ್ದರೆ ನಮ್ಮ ಅಪ್ಪನ 1,800 ರೂಪಾಯಿ ಉಳಿಯುತ್ತಿತ್ತು, ಅವನಿಗೂ ಸಂಬಳ ಬರುತ್ತಿತ್ತು.

ಹಾಗಾಗಿ ಗೆಳೆಯರೇ, ಮುಂದಿನ ಗ್ರಾಮಸಭೆಗೆ ಒಂದು ದಿನ ಓದಿಗೆ ರಜೆ ಹಾಕಿ ಊರಿಗೆ ಹೋಗಿ. ಎರಡೇ ಪ್ರಶ್ನೆ ಕೇಳಿ. ನಳದ ನೀರು ಎಷ್ಟು ದಿನಕ್ಕೊಮ್ಮೆ? ನಮ್ಮ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡುವವರು ಇದ್ದಾರಾ? ಸೊಳ್ಳೆ ವಿಷಯಕ್ಕೆ ಇಷ್ಟು ದೂರ ಬಂದೆಯಾ ಎಂದು ಯಾರಾದರೂ ನಕ್ಕರೆ ನಗಲಿ, ಜೇವರ್ಗಿಯ ಹಾಡಿನ ಹಾಗೆ ಇನ್ನೊಮ್ಮೆ ಜೋರಾಗಿ ಕೇಳಿ. ಉತ್ತರ ಬರುವವರೆಗೆ ಮನೆಯ ಡ್ರಮ್ಮಿಗೆ ಒಂದು ಹಳೇ ಸೀರೆ ಬಿಗಿಯಾಗಿ ಕಟ್ಟಿಬಿಡಿ.