ಎದುರಂಗಡಿಯಷ್ಟೇ ಎದುರಾಳಿಯಲ್ಲ

ಜಯನಗರ 4ನೇ ಬ್ಲಾಕಿನ ಸೀರೆ ವ್ಯಾಪಾರಿಗೆ ಪ್ರತಿಸ್ಪರ್ಧಿ ಯಾರೆಂದು ಯಾರೂ ಹೇಳಿಕೊಡಬೇಕಿಲ್ಲ. ಎದುರಂಗಡಿಯಲ್ಲಿ ಎಷ್ಟು ಗಿರಾಕಿಗಳಿದ್ದಾರೆ ಎಂಬುದು ಗಲ್ಲಾದ ಮುಂದೆ ಕುಳಿತಲ್ಲಿಂದಲೇ ಕಾಣುತ್ತದೆ. ಆದರೆ ಬನಶಂಕರಿಯ ಗೃಹಿಣಿಯೊಬ್ಬರು ಮನೆಯಲ್ಲೇ ಕುಳಿತು 'ಜಯನಗರ ರೇಷ್ಮೆ ಸೀರೆ' ಎಂದು ಗೂಗಲ್‌ನಲ್ಲಿ ಹುಡುಕಿದಾಗ ನಡೆಯುವ ಪೈಪೋಟಿ ಅವರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಮೊದಲ ಪುಟವನ್ನು ಹಂಚಿಕೊಳ್ಳುವವರು ಹಣ ತೆತ್ತ ಜಾಹೀರಾತುದಾರರು, ಜಸ್ಟ್‌ಡಯಲ್‌ನಂತಹ ವಿಳಾಸಪಟ್ಟಿಗಳು, ದೇಶವ್ಯಾಪಿ ಮಾರಾಟ ತಾಣಗಳು. ಎದುರಂಗಡಿ ಆ ಪುಟದಲ್ಲಿ ಇಲ್ಲದೆಯೂ ಇರಬಹುದು.

ಇದನ್ನು ಅರಿಯದೆ ಅನೇಕ ಸಣ್ಣ ವ್ಯಾಪಾರಿಗಳು 'ಮೊದಲ ಸ್ಥಾನ ಖಚಿತ' ಎನ್ನುವ ಏಜೆನ್ಸಿಗಳಿಗೆ ತಿಂಗಳು ತಿಂಗಳು ಹಣ ಸುರಿಯುತ್ತಾರೆ. ಅಂತಹ ಖಾತರಿಯನ್ನು ಯಾರೂ ನೀಡಲಾರರೆಂದು ಗೂಗಲ್ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಹಣ ಕೊಡುವ ಮುನ್ನ ಒಂದು ಸಂಜೆಯ ಬಿಡುವು ಸಾಕು. ಗಿರಾಕಿ ಬಳಸಬಹುದಾದ ಹತ್ತು ಪದಗುಚ್ಛಗಳನ್ನು ಬರೆದುಕೊಳ್ಳಿ. ಹಳೆಯ ಹುಡುಕಾಟಗಳ ಪ್ರಭಾವ ಬೀಳದಂತೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಒಂದೊಂದನ್ನೂ ಹುಡುಕಿ. ಮೊದಲ ಪುಟದಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಹೆಸರುಗಳೇ ನಿಮ್ಮ ನಿಜವಾದ ಪ್ರತಿಸ್ಪರ್ಧಿಗಳು.

ಪದಗಳ ಆಯ್ಕೆಯೂ ಮುಖ್ಯ. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬಿಟಿಎಂ ಲೇಔಟ್ ಆಯಿತು. ಇಂದು ಪೂರ್ಣ ಹೆಸರು ಬರೆದು ಹುಡುಕುವವರು ಎಷ್ಟು ಮಂದಿ? ನಾವು ಬಳಸುವ ಹೆಸರಿಗಿಂತ ಗಿರಾಕಿಯ ಬಾಯಲ್ಲಿರುವ ಹೆಸರೇ ಅಲ್ಲಿ ನಡೆಯುವ ನಾಣ್ಯ. ಕನ್ನಡದಲ್ಲೂ ಹುಡುಕಿ ನೋಡಬೇಕು. ಹೆಚ್ಚಿನ ವ್ಯಾಪಾರಿಗಳು ಇಂಗ್ಲಿಷಿಗಷ್ಟೇ ಜೋತುಬಿದ್ದಿರುವುದರಿಂದ ಅಲ್ಲಿ ನೂಕುನುಗ್ಗಲು ಕಡಿಮೆ.

ಮುಂದಿನ ಹೆಜ್ಜೆ ಅಧ್ಯಯನ. ಮುಂದಿರುವ ಪುಟದ ಶೀರ್ಷಿಕೆ ಏನು? ಗಿರಾಕಿಯ ಯಾವ ಪ್ರಶ್ನೆಗೆ ಅದು ಉತ್ತರಿಸುತ್ತದೆ? ಯಾವ ತಾಣಗಳು ಅದಕ್ಕೆ ಕೊಂಡಿ ನೀಡಿವೆ? ನಕ್ಷೆಯಲ್ಲಿ ಕಾಣುವ ಸ್ಥಳೀಯ ಫಲಿತಾಂಶಗಳಿಗೆ ಪ್ರಸ್ತುತತೆ, ದೂರ, ಪ್ರಸಿದ್ಧಿ ಈ ಮೂರೇ ಪ್ರಮುಖ ಅಳತೆಗೋಲುಗಳೆಂದು ಗೂಗಲ್ ಹೇಳುತ್ತದೆ. ದೂರವನ್ನು ಬದಲಿಸಲಾಗದು, ಉಳಿದೆರಡಕ್ಕೆ ಶ್ರಮಿಸಬಹುದು.

ಅಂಪೈರ್ ಕೂಡ ಬ್ಯಾಟ್ ಹಿಡಿಯಬಲ್ಲ ಎಂಬುದನ್ನು ಮರೆಯಬಾರದು. ಶೋಧ ಫಲಿತಾಂಶಗಳಲ್ಲಿ ಪಕ್ಷಪಾತ ತೋರಿದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2018ರ ಫೆಬ್ರುವರಿಯಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. ತನ್ನದೇ ವಿಮಾನಯಾನ ಶೋಧ ಸೇವೆಗೆ ಎದ್ದುಕಾಣುವ ಜಾಗ ಕೊಟ್ಟಿದ್ದೂ ಆಕ್ಷೇಪಗಳಲ್ಲೊಂದಾಗಿತ್ತು.

ಹೀಗಿದ್ದರೂ ಸಣ್ಣ ವ್ಯಾಪಾರಿ ಕೈಚೆಲ್ಲಬೇಕಿಲ್ಲ. ಅಸಲಿ ಜರಿಯನ್ನು ಗುರುತಿಸುವುದು ಹೇಗೆ, ಮದುವೆ ಸೀರೆಗೆ ಕುಚ್ಚು ಕಟ್ಟಿಕೊಡಲು ಎಷ್ಟು ದಿನ ಬೇಕು ಎಂಬುದು ವಿಳಾಸಪಟ್ಟಿಗೆ ತಿಳಿಯದು. ಮೂವತ್ತು ವರ್ಷ ಗಲ್ಲಾದ ಮುಂದೆ ಕುಳಿತವರಿಗೆ ತಿಳಿದಿದೆ. ಪ್ರತಿಸ್ಪರ್ಧಿಯ ಪುಟವನ್ನು ಓದಬೇಕಾದದ್ದು ಅದನ್ನು ನಕಲು ಮಾಡಲಿಕ್ಕಲ್ಲ, ಅದರಲ್ಲಿ ಇಲ್ಲದಿರುವುದನ್ನು ಕಂಡುಕೊಳ್ಳಲಿಕ್ಕೆ.