ಗುತ್ತೂರಿನ ಮಕ್ಕಳೂ ವಾರದ ಇಂಗ್ಲಿಷು ಪಾಠವೂ

ಕನ್ನಡದ ಹಿತವನ್ನು ಬಯಸುವವರ ಬಾಯಲ್ಲಿ ಇಂಗ್ಲಿಷು ಪಾಠದ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರವನ್ನು ಮೊದಲಿಗೇ ಹೇಳಿಬಿಡುವುದು ಲೇಸು. ತಂದೆತಾಯಿಗಳು ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸಿ ಬೇರೆ ಶಾಲೆಗೆ ಸೇರಿಸುವುದು, ಅಲ್ಲಿ ಕನ್ನಡವನ್ನು ಕಲಿಸುತ್ತಾರೆಂಬ ಬೇಸರದಿಂದಲ್ಲ; ಅಲ್ಲಿ ಎಷ್ಟು ವರ್ಷ ಕಲಿತರೂ ಇಂಗ್ಲಿಷು ಬಾರದೆಂಬ ಭಯದಿಂದ. ಈ ಭಯವನ್ನು ಭಾಷಣಗಳಿಂದ ಕಳೆಯಲಾಗದು. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಶಿಕ್ಷಣದಲ್ಲಿ ತಾಯಿನುಡಿಯ ಮಾಧ್ಯಮವನ್ನು ಕಡ್ಡಾಯಗೊಳಿಸುವ ಅಧಿಕಾರವು ಸರ್ಕಾರಕ್ಕಿಲ್ಲವೆಂದು ತೀರ್ಪು ಕೊಟ್ಟ ಮೇಲಂತೂ, ಆಜ್ಞೆಯಿಂದ ಮಕ್ಕಳನ್ನು ಕನ್ನಡ ಶಾಲೆಗೆ ಕರೆತರುವ ದಾರಿಯು ಮುಚ್ಚಿಹೋಯಿತು. ಉಳಿದಿರುವುದು ವಿಶ್ವಾಸದ ದಾರಿಯೊಂದೇ. ಆದುದರಿಂದ ಕನ್ನಡ ಶಾಲೆಯು ಬಾಳಬೇಕೆನ್ನುವವನು, ಆ ಶಾಲೆಯಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಬಗೆಯನ್ನು ಯೋಚಿಸದೆ ಗತ್ಯಂತರವಿಲ್ಲ.

ಹರಿಹರದ ಮಗ್ಗುಲಲ್ಲಿರುವ ಗುತ್ತೂರನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. 1956ಕ್ಕೆ ಮೊದಲು ತುಂಗಭದ್ರೆಯ ಈ ದಡವು ಮೈಸೂರಿಗೂ ಆ ದಡವು ಮುಂಬಯಿಗೂ ಸೇರಿದ್ದವು. ಒಂದೇ ನುಡಿಯನ್ನಾಡುವ ಜನರ ಮಕ್ಕಳು ಎರಡು ಸರ್ಕಾರಗಳ ಶಾಲೆಗಳಲ್ಲಿ ಓದುತ್ತಿದ್ದರು. 1941ರಲ್ಲಿ ಹರಿಹರದಲ್ಲಿ ಕಿರ್ಲೋಸ್ಕರರ ಲೇತು ಯಂತ್ರಗಳ ಕಾರ್ಖಾನೆಯು ಹುಟ್ಟಿತು. ಹಲವು ದಶಕಗಳು ನಡೆದು ಅದು ಮುಚ್ಚಿಹೋಯಿತು. ತಂದೆಯ ಕೈಕಸುಬೇ ಮಗನ ಅನ್ನವಾಗುವ ಕಾಲವು ಅದರೊಡನೆಯೇ ಹಿಂದೆ ಸರಿಯಿತೆನ್ನಬಹುದು. ಇಂದು ಇಲ್ಲಿಯ ಹುಡುಗನೋ ಹುಡುಗಿಯೋ ಹತ್ತನೆಯ ತರಗತಿಯನ್ನು ಕನ್ನಡದಲ್ಲಿ ಮುಗಿಸಿ, ಹರಿಹರಕ್ಕೋ ದಾವಣಗೆರೆಗೋ ಹೋಗಿ ವಿಜ್ಞಾನಕ್ಕೆ ಸೇರಿದರೆ, ಭೌತಶಾಸ್ತ್ರವೂ ಗಣಿತವೂ ಒಂದೇ ದಿನದಲ್ಲಿ ಇಂಗ್ಲಿಷಿಗೆ ತಿರುಗಿ ನಿಲ್ಲುತ್ತವೆ. ವಿಷಯವನ್ನು ಬಲ್ಲ ಮಗುವು ಭಾಷೆಯ ಬಾಗಿಲಲ್ಲಿ ತಡೆದು ನಿಲ್ಲುತ್ತದೆ. ಎಷ್ಟೋ ಮಂದಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಆ ಬಾಗಿಲನ್ನು ತೆರೆಯುವ ಕೆಲಸವು ಆರು, ಏಳು, ಎಂಟನೆಯ ತರಗತಿಗಳಲ್ಲಿ ಆಗಬೇಕು. ಆಮೇಲೆ ಪರೀಕ್ಷೆಯ ಒತ್ತಡವು ಬೇರೇನಕ್ಕೂ ಎಡೆಗೊಡುವುದಿಲ್ಲ.

ಕಲಿಸುವ ಕಾಲವು ಕಡಿಮೆಯಾಯಿತೆಂದು ಹೇಳುವಂತಿಲ್ಲ. ಹಿಂದೆ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷು ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. 2007-08ರಿಂದ ಅದನ್ನು ಒಂದನೆಯ ತರಗತಿಗೇ ತಂದರು. ವರ್ಷಗಳು ಹೆಚ್ಚಿದವು, ಆದರೆ ಪಾಠದ ಕ್ರಮವು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಯಾವ ಊರಿನ ಶಾಲೆಗೆ ಹೋದರೂ ಕಾಣುವ ನೋಟ ಇದು: ಉಪಾಧ್ಯಾಯರು ಒಂದು ವಾಕ್ಯವನ್ನು ಓದುತ್ತಾರೆ, ಅದರ ಕನ್ನಡ ಅರ್ಥವನ್ನು ಹೇಳುತ್ತಾರೆ, ಮಕ್ಕಳು ಒಕ್ಕೊರಲಿನಿಂದ ಒಪ್ಪಿಸುತ್ತಾರೆ, ಪ್ರಶ್ನೋತ್ತರಗಳನ್ನು ಕಪ್ಪು ಹಲಗೆಯ ಮೇಲೆ ಬರೆದರೆ ಅವರು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಪುಟಗಳು ಮುಗಿಯುತ್ತವೆ, ಪಾಠಯೋಜನೆಯ ಪುಸ್ತಕದಲ್ಲಿ ಸಹಿ ಬೀಳುತ್ತದೆ. ಆದರೆ ಆ ಮಗುವನ್ನು ಕರೆದು ಇಂಗ್ಲಿಷಿನಲ್ಲಿ ನಿನ್ನ ಊರು ಯಾವುದು, ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದರೆ ಅದು ಉಪಾಧ್ಯಾಯರ ಮುಖವನ್ನು ನೋಡುತ್ತದೆ. ಇದು ಮಗುವಿನ ತಪ್ಪಲ್ಲ. ಉಪಾಧ್ಯಾಯರ ಸೋಮಾರಿತನವೂ ಅಲ್ಲ. ಪಾಠವನ್ನು ಪುಟದಿಂದ ಅಳೆಯುವ ಪದ್ಧತಿಯ ದೋಷ.

ಪುಟಕ್ಕೆ ಬದಲಾಗಿ ವಾರವನ್ನು ಅಳತೆಯಾಗಿ ಮಾಡಿಕೊಳ್ಳಬೇಕೆಂಬುದೇ ನಮ್ಮ ಸೂಚನೆ. ಸೋಮವಾರ ಮಾಡಲಾಗದ ಯಾವ ಕೆಲಸವನ್ನು ಮಗುವು ಶನಿವಾರ ಇಂಗ್ಲಿಷಿನಲ್ಲಿ ಮಾಡಬಲ್ಲುದು? ಪ್ರತಿಯೊಂದು ವಾರದ ಯೋಜನೆಯೂ ಈ ಒಂದು ಪ್ರಶ್ನೆಗೆ ಉತ್ತರವಾಗಿರಬೇಕು.

ಈ ವಿಚಾರವು ನಮ್ಮ ಸ್ವಂತ ಕಲ್ಪನೆಯೇನೂ ಅಲ್ಲ. ಢಾಕಾದಲ್ಲಿದ್ದು ಬಂಗಾಳದ ಶಾಲೆಗಳನ್ನು ಕೂಲಂಕಷವಾಗಿ ನೋಡಿದ ಮೈಕೇಲ್ ವೆಸ್ಟರು 1926ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ಬೆಲೆಯುಳ್ಳ ಮಾತನ್ನು ಎತ್ತಿದರು. ಇಂಗ್ಲಿಷು ಓದಲು ತೊಡಗಿದ ಮಕ್ಕಳಲ್ಲಿ ಬಹುಮಂದಿ ಕೊನೆಯವರೆಗೆ ಓದುವುದಿಲ್ಲ. ನಡುವೆಯೇ ಶಾಲೆ ಬಿಡುತ್ತಾರೆ. ಕೊನೆ ಮುಟ್ಟಿದವನಿಗೆ ಮಾತ್ರ ಫಲ ಕೊಡುವ ಪಾಠಕ್ರಮವು ಬಿಟ್ಟುಹೋದವರ ಪಾಲಿಗೆ ಬರಿಯ ನಷ್ಟ. ವಿಮೆಯ ಪಾಲಿಸಿಯನ್ನು ನಡುವೆ ಒಪ್ಪಿಸಿಬಿಟ್ಟವನಿಗೂ ಒಂದಿಷ್ಟು ಮೊಬಲಗು ದೊರೆಯುವಂತೆ, ಶಾಲೆ ಬಿಟ್ಟ ಮಗುವಿಗೂ ಅದು ಕಲಿತಷ್ಟಕ್ಕೆ ಫಲ ಕೈಗೂಡಬೇಕೆಂದು ಅವರ ವಾದ. ವಿಮೆಯವರ ಭಾಷೆಯಿಂದಲೇ ಅವರು ಅದಕ್ಕೆ ಹೆಸರನ್ನೂ ತೆಗೆದುಕೊಂಡರು. ವರ್ಷದ ವಿಷಯದಲ್ಲಿ ನಿಜವಾದುದು ವಾರದ ವಿಷಯದಲ್ಲಿಯೂ ನಿಜ. ಸುಗ್ಗಿಯಲ್ಲಿ ಹದಿನೈದು ದಿನ ಹೊಲಕ್ಕೆ ಹೋದ ಮಗುವಿಗೆ ಅದರ ಹಿಂದಿನ ವಾರದ ಫಲವಾದರೂ ಉಳಿದಿರಬೇಡವೆ?

ಎರಡನೆಯ ನಿದರ್ಶನವು ನಮ್ಮ ನಾಡಿನದೇ. 1979ರಿಂದ 1984ರವರೆಗೆ ಎನ್. ಎಸ್. ಪ್ರಭುಗಳು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿದ್ದ ಈ ಪ್ರಯೋಗವು ಜಗತ್ತಿನ ಭಾಷಾಶಿಕ್ಷಕರಲ್ಲಿ ಇಂದಿಗೂ ಬೆಂಗಳೂರು ಯೋಜನೆಯೆಂದೇ ಪ್ರಸಿದ್ಧವಾಗಿದೆ. ಅಲ್ಲಿ ವ್ಯಾಕರಣದ ಪಟ್ಟಿಯಿಂದ ಪಾಠವು ಆರಂಭವಾಗುತ್ತಿರಲಿಲ್ಲ. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದುವನ್ನು ಮುಂದಿಟ್ಟು, ತಲೆ ಓಡಿಸಿ ಬಿಡಿಸತಕ್ಕ ಸಮಸ್ಯೆಗಳನ್ನು ಕೊಡುತ್ತಿದ್ದರು. ಮೊದಲು ಉಪಾಧ್ಯಾಯರೂ ತರಗತಿಯೂ ಕೂಡಿ ಒಂದು ಸಮಸ್ಯೆಯನ್ನು ಬಿಡಿಸುವುದು. ಅನಂತರ ಅಂಥದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸುವುದು. ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ಭಾಷೆಯ ರೂಪವು ಒಳಗೆ ಕೂಡಿಕೊಳ್ಳುತ್ತದೆಂಬುದು ಪ್ರಭುಗಳ ನಂಬಿಕೆ. ತರಗತಿಯ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಆ ಪಾಠದ ಮಟ್ಟವು ತಕ್ಕುದೆಂದು ಅವರು ಎಣಿಸುತ್ತಿದ್ದರು. ಪ್ರಯೋಗವನ್ನು ಹೊರಗಿನಿಂದ ಬಂದು ಪರೀಕ್ಷಿಸಿದವರು ಎಚ್ಚರದ ಮಾತುಗಳಲ್ಲಿಯೇ ಅದನ್ನು ಅನುಮೋದಿಸಿದರು; ಅದು ಸರ್ವರೋಗಕ್ಕೂ ಮದ್ದೆಂದು ನಾವೂ ಹೇಳುವುದಿಲ್ಲ. ಆದರೆ ಬಡ ಶಾಲೆಯಲ್ಲಿ, ತುಂಬಿದ ತರಗತಿಯಲ್ಲಿ, ಒಂದು ಸೀಮೆಸುಣ್ಣದ ತುಂಡಿನಿಂದ ನಡೆಸಬಹುದಾದ ಕ್ರಮವಿದು.

ಇವನ್ನು ಗುತ್ತೂರಿಗೆ ಒಗ್ಗಿಸುವುದು ಹೇಗೆ? ಏಳನೆಯ ತರಗತಿಗೆ ವಾರಕ್ಕೆ ಆರು ಪೀರಿಯಡ್ಡುಗಳೆಂದು ಇಟ್ಟುಕೊಂಡು ಒಂದು ವಾರವನ್ನು ಕಟ್ಟಿ ನೋಡೋಣ. ವಾರದ ಗುರಿ: ರೈಲಿನ ವೇಳಾಪಟ್ಟಿಯನ್ನು ಓದಿ ಇಂಗ್ಲಿಷಿನಲ್ಲಿ ಕೇಳುವುದು ಮತ್ತು ಹೇಳುವುದು. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ – ಹೆಸರುಗಳೆಲ್ಲ ಮಕ್ಕಳು ಬಲ್ಲವೇ. ಹೊಸ ಶಬ್ದಗಳು ಎಂಟೇ ಸಾಕು: ‘ಲೀವ್’, ‘ರೀಚ್’, ‘ಸ್ಟಾಪ್’, ‘ಬಿಫೋರ್’, ‘ಆಫ್ಟರ್’, ‘ಅರ್ಲಿ’, ‘ಲೇಟ್’, ‘ನೆಕ್ಸ್ಟ್’.

ಸೋಮವಾರ ಉಪಾಧ್ಯಾಯರು ಮೂರು ಗಾಡಿಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದು, ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಲಿ. ಮಕ್ಕಳು ಕೈತೋರಿಸಿಯೋ ಒಂದೇ ಮಾತಿನಲ್ಲಿಯೋ ಉತ್ತರಿಸಿದರೆ ಸಾಕು. ಆ ದಿನ ಕಿವಿಗೆ ಕೆಲಸ, ನಾಲಗೆಗೆ ಬಲಾತ್ಕಾರವಿಲ್ಲ. ಮಂಗಳವಾರ ಇನ್ನೊಂದು ಪಟ್ಟಿಯನ್ನು ಮಕ್ಕಳು ತಾವೇ ಓದಿ, ಹುಬ್ಬಳ್ಳಿಯನ್ನು ಮೊದಲು ಮುಟ್ಟುವ ಗಾಡಿ ಯಾವುದು, ಹರಿಹರದಲ್ಲಿ ನಿಲ್ಲದೆ ಹೋಗುವುದು ಯಾವುದು ಎಂಬುದನ್ನು ಬರೆಯಲಿ. ಬುಧವಾರ ಇಬ್ಬಿಬ್ಬರು ಮಕ್ಕಳು ಎದುರುಬದುರು ಕುಳಿತು, ಒಬ್ಬನ ಚೀಟಿಯಲ್ಲಿ ಇಲ್ಲದ ವೇಳೆಯನ್ನು ಇನ್ನೊಬ್ಬನಿಂದ ಕೇಳಿ ತಿಳಿಯಲಿ. ಐವತ್ತು ಮಕ್ಕಳ ತರಗತಿಯಲ್ಲಿ ಐವತ್ತು ಮಂದಿಯೂ ಬಾಯಿಬಿಡುವ ಉಪಾಯ ಇದೊಂದೇ. ಗುರುವಾರ ಪಠ್ಯಪುಸ್ತಕವನ್ನು ತೆರೆದು, ನಡೆಯುತ್ತಿರುವ ಪಾಠದ ಒಂದು ಭಾಗವನ್ನು ಓದಿಸಿ, ವಾರದ ಶಬ್ದಗಳೂ ವಾಕ್ಯರೂಪಗಳೂ ಅಲ್ಲಿ ಎಲ್ಲೆಲ್ಲಿ ಬಂದಿವೆಯೆಂದು ಹುಡುಕಿಸಬೇಕು. ಶುಕ್ರವಾರ ಐದು ವಾಕ್ಯಗಳ ಬರವಣಿಗೆ: ಊರಿಗೆ ಬರುವ ನೆಂಟನಿಗೆ ಯಾವ ಗಾಡಿಯಲ್ಲಿ ಬರಬೇಕೆಂದು ತಿಳಿಸುವ ಪುಟ್ಟ ಕಾಗದ. ಶನಿವಾರ ಬೆಳಗ್ಗೆ ಹೊಸ ಪಟ್ಟಿಯೊಂದನ್ನು ಕೊಟ್ಟು ವಾರದ ಗುರಿಯನ್ನು ಪರೀಕ್ಷಿಸತಕ್ಕದ್ದು. ಯಾರಿಗೆ ಏನು ಬರಲಿಲ್ಲವೆಂಬುದನ್ನು ಉಪಾಧ್ಯಾಯರು ಎರಡು ಸಾಲುಗಳಲ್ಲಿ ಗುರುತು ಹಾಕಿಕೊಳ್ಳಲಿ. ಮುಂದಿನ ಸೋಮವಾರದ ಪಾಠವು ಆ ಎರಡು ಸಾಲುಗಳಿಂದಲೇ ಹುಟ್ಟಬೇಕು.

ಇಲ್ಲಿ ವ್ಯಾಕರಣವೆಲ್ಲಿ ಎಂದು ಹಿರಿಯ ಉಪಾಧ್ಯಾಯರು ಕೇಳಬಹುದು. ಅದು ಬಿಟ್ಟುಹೋಗಿಲ್ಲ. ‘ದಿ ಟ್ರೇನ್ ಲೀವ್ ಹರಿಹರ’ ಎಂದು ಶುಕ್ರವಾರದ ಕಾಗದದಲ್ಲಿ ಹತ್ತು ಮಕ್ಕಳು ಬರೆದಿರುತ್ತಾರೆ. ಆಗ ಕನ್ನಡವನ್ನು ನೆರವಿಗೆ ಕರೆಯಬೇಕು. ‘ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ, ಹೋಗುತ್ತದೆ’ ಎಂದು ಕರ್ತೃವಿಗೆ ತಕ್ಕಂತೆ ಕ್ರಿಯಾಪದವನ್ನು ತಿರುಗಿಸುವುದು ಕನ್ನಡದ ಮಗುವಿಗೆ ಹಾಲಿನೊಡನೆ ಬಂದ ವಿದ್ಯೆ. ಇಂಗ್ಲಿಷಿನಲ್ಲಿ ಅಷ್ಟೆಲ್ಲ ತಿರುಗಿಸುವಿಕೆಯಲ್ಲಿ ಬಹುಮಟ್ಟಿಗೆ ಉಳಿದಿರುವುದು ಕೊನೆಯ ಆ ಒಂದು ‘ಸ್’ ಮಾತ್ರವೆಂದು ತೋರಿಸಿದರೆ, ‘ಲೀವ್ಸ್’ ಎಂಬುದು ಮಗುವಿಗೆ ಒಗಟಾಗಿ ಉಳಿಯದು. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬಂದರೆ ಅವರದು ನಡುವೆ ಬರುತ್ತದೆಂಬುದನ್ನೂ ಹೀಗೆಯೇ ಎರಡು ಸಾಲುಗಳನ್ನು ಮೇಲೆ ಕೆಳಗೆ ಬರೆದು ಕಾಣಿಸಬಹುದು. ತರಗತಿಯಲ್ಲಿ ಕನ್ನಡವನ್ನೇ ಆಡಕೂಡದೆಂಬ ಹಟವೂ ತಪ್ಪು, ಪಾಠವನ್ನೆಲ್ಲ ಕನ್ನಡದಲ್ಲಿಯೇ ಹೇಳಿ ಮುಗಿಸುವುದೂ ತಪ್ಪು. ಅರ್ಥವು ಸಿಕ್ಕಾದಾಗ ಕನ್ನಡ, ಉಳಿದಂತೆ ಇಂಗ್ಲಿಷು. ಕನ್ನಡದಲ್ಲಿ ಓದಿ ಯೋಚಿಸಬಲ್ಲ ಮಗುವೇ ಎರಡನೆಯ ಭಾಷೆಯನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ಹೀಗೆ ರಜೆಗಳನ್ನು ಕಳೆದು ವರ್ಷಕ್ಕೆ 35 ವಾರಗಳು ದೊರೆತರೂ, ವಾರಕ್ಕೆ ಎಂಟರಂತೆ 280 ಶಬ್ದಗಳಾದುವು. ಮೂರು ವರ್ಷಗಳಲ್ಲಿ 840. ಸಂಖ್ಯೆಯು ದೊಡ್ಡದಲ್ಲ, ಆದರೆ ಕೇಳಿ, ಆಡಿ, ಓದಿ, ಬರೆದು ತನ್ನದಾಗಿಸಿಕೊಂಡ 840 ಶಬ್ದಗಳು ಬಾಯಿಪಾಠದ ಮೂರು ಸಾವಿರಕ್ಕಿಂತ ಮೇಲು. ಅದರ ಮೇಲೆ, ಬಸ್ಸು, ಟಿಕೀಟು, ಬ್ಯಾಂಕು, ಲೈಟು ಎಂದು ಮಗುವು ಮನೆಯಿಂದಲೇ ತರುವ ಮಾತುಗಳ ಮೂಲಧನ ಬೇರೆ ಇದೆ. ವಾರಗಳಿಗೆ ವಿಷಯವೂ ಬರಗಾಲವಲ್ಲ. ಔಷಧದ ಸೀಸೆಯ ಮೇಲಿನ ಚೀಟಿ ಒಂದು ವಾರಕ್ಕೆ. ಬ್ಯಾಂಕಿನ ಹಣ ಕಟ್ಟುವ ಚೀಟಿ ಇನ್ನೊಂದಕ್ಕೆ. ದಾವಣಗೆರೆಯ ಬೆಣ್ಣೆದೋಸೆಯನ್ನು ಮಾಡುವ ಬಗೆ, ಹೊಳೆಯ ಸೇತುವೆಯಿಂದ ದೇವಸ್ಥಾನಕ್ಕೆ ದಾರಿ ಹೇಳುವುದು, ಮೆಕ್ಕೆಜೋಳದ ಪೇಟೆಧಾರಣೆಯನ್ನು ಹೋಲಿಸುವುದು – ಒಂದೊಂದೂ ಒಂದೊಂದು ವಾರ.

ಪಠ್ಯಪುಸ್ತಕ ಮುಗಿಯುವುದು ಯಾವಾಗ ಎಂಬ ಆಕ್ಷೇಪಣೆಯು ಹಗುರವಾದುದಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಎರಡನೆಯ ಭಾಷೆಯಾದ ಇಂಗ್ಲಿಷಿಗೆ 100 ಅಂಕಗಳಿವೆ. ಪರೀಕ್ಷೆಯನ್ನು ಮರೆತು ಪಾಠ ಹೇಳೆಂದರೆ ಯಾರೂ ಒಪ್ಪರು. ಆದರೆ ಪುಸ್ತಕವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ವರ್ಷದ ಮೊದಲಲ್ಲಿಯೇ ಪುಸ್ತಕದ ಪಾಠಗಳನ್ನು ವಾರಗಳ ಮೇಲೆ ಹಂಚಿ, ಪ್ರತಿ ಪಾಠದಲ್ಲಿಯೂ ಮಗುವು ಮಾಡಬಲ್ಲ ಕೆಲಸ ಯಾವುದು ಅಡಗಿದೆಯೆಂದು ನೋಡಿ, ಅದನ್ನು ವಾರದ ಗುರಿಯಾಗಿ ಬರೆದುಕೊಳ್ಳಬೇಕು. ತನಗೇ ಇಂಗ್ಲಿಷಿನಲ್ಲಿ ಧೈರ್ಯವಿಲ್ಲದ ಉಪಾಧ್ಯಾಯನ ಕಷ್ಟವೂ ನಿಜವೇ. ಆತನು ಒಬ್ಬನೇ ಮೂವತ್ತೈದು ವಾರಗಳನ್ನು ಕಟ್ಟಬೇಕಾಗಿಲ್ಲ. ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ನೆರೆಹೊರೆಯ ಶಾಲೆಗಳ ಉಪಾಧ್ಯಾಯರು ಸೇರುವುದುಂಟಲ್ಲವೆ? ಅಲ್ಲಿ ಸುತ್ತೋಲೆಗಳನ್ನು ಓದುವ ಹೊತ್ತಿನಲ್ಲಿ ಒಂದು ಗಂಟೆಯನ್ನು ಉಳಿಸಿ, ನಾಲ್ಕು ಮಂದಿ ನಾಲ್ಕು ವಾರಗಳನ್ನು ಹಂಚಿಕೊಂಡು ಕಟ್ಟಿದರೆ ತಿಂಗಳ ಕೆಲಸವು ಮುಗಿಯಿತು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಒಂದೇ. ಶಾಲೆಗೆ ತನಿಖೆಗೆಂದು ಹೋದಾಗ ಪಾಠಯೋಜನೆಯ ಪುಸ್ತಕದ ಅಂದವಾದ ಅಕ್ಷರಗಳನ್ನು ನೋಡಿ ಸಹಿ ಹಾಕುವುದಕ್ಕೆ ಮುನ್ನ, ಹಿಂದಿನ ಬೆಂಚಿನ ಮಗುವೊಂದನ್ನು ಅಕ್ಕರೆಯಿಂದ ಕರೆದು, ಕಳೆದ ವಾರ ಕಲಿತುದನ್ನು ಮಾಡಿ ತೋರಿಸೆಂದು ಕೇಳಿರಿ. ತನಿಖೆಯ ಪ್ರಶ್ನೆಯು ಬದಲಾದರೆ ಪಾಠವೂ ತಾನಾಗಿ ಬದಲಾಗುತ್ತದೆ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ನಾಗರಿಕರು ಬಣ್ಣ ಬಳಿಸುವುದಕ್ಕೂ ಗೇಟು ಮಾಡಿಸುವುದಕ್ಕೂ ತೋರಿಸುವ ಉತ್ಸಾಹದಲ್ಲಿ ಸ್ವಲ್ಪವನ್ನು ಇತ್ತಲೂ ತೋರಿಸಲಿ. ಹಳೆಯ ಇಂಗ್ಲಿಷು ಪತ್ರಿಕೆಗಳು, ನಕ್ಷೆಗಳು, ಚೀಟಿಗಳು ಅಂಗಡಿಯಲ್ಲಿ ರದ್ದಿಗೆ ಹೋಗುವ ಬದಲು ಶಾಲೆಗೆ ಹೋಗಲಿ; ಇಂಗ್ಲಿಷು ಬಲ್ಲ ನಿವೃತ್ತರು ತಿಂಗಳಿಗೊಂದು ಶನಿವಾರ ಹೋಗಿ ಮಕ್ಕಳ ಮಾತನ್ನು ಕೇಳಲಿ.

ಇಂಗ್ಲಿಷನ್ನು ಚೆನ್ನಾಗಿ ಕಲಿತವರಿಂದ ಕನ್ನಡಕ್ಕೆ ಕೇಡಾಗಲಿಲ್ಲ. ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರೇ ಹೊಸಗನ್ನಡ ಕವಿತೆಗೆ ದಾರಿ ತೆರೆದರು. ಕೇಡಾಗುವುದು ಅರೆಬರೆ ಕಲಿಕೆಯಿಂದ. ಅದು ಎರಡು ಭಾಷೆಗಳಲ್ಲಿಯೂ ಮಗುವನ್ನು ಮೂಕವಾಗಿ ಮಾಡುತ್ತದೆ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಗುತ್ತೂರಿನವರ ಕಣ್ಣೆದುರಿಗೇ ಇದೆ. ಒಂದೇ ವಿಗ್ರಹದಲ್ಲಿ ಹರಿಯೂ ಹರನೂ ಜಗಳವಿಲ್ಲದೆ ನಿಂತಿರುವ ಊರಿನಲ್ಲಿ, ಒಂದೇ ಮಗುವಿನ ನಾಲಗೆಯ ಮೇಲೆ ಎರಡು ನುಡಿಗಳು ನಿಲ್ಲಲಾರವೆಂದು ಯಾರು ಹೇಳಿಯಾರು? ಬರುವ ಸೋಮವಾರ ಪಾಠಕ್ಕೆ ಹೋಗುವ ಉಪಾಧ್ಯಾಯ ಮಹನೀಯರು ಪುಸ್ತಕದ ಪುಟವನ್ನು ತಿರುವುವ ಮೊದಲು, ಶನಿವಾರ ತಮ್ಮ ಮಕ್ಕಳು ಏನನ್ನು ಮಾಡಬಲ್ಲರೆಂಬುದನ್ನು ಒಂದು ಸಾಲಿನಲ್ಲಿ ಬರೆದಿಡಲಿ. ಕನ್ನಡ ಶಾಲೆಯ ಉಳಿವಿಗೆ ಆ ಒಂದು ಸಾಲು ನೂರು ನಿರ್ಣಯಗಳಿಗಿಂತ ಹೆಚ್ಚಿನ ಸೇವೆಯನ್ನು ಮಾಡೀತು.